*ಔಷಧ ಕೆಲಸ ಮಾಡುತ್ತದೆ ಎಂದರೆ ಯಾರಿಗೆ, ಎಷ್ಟು?*

2021ರ ಮೇ ತಿಂಗಳು ನೆನಪಿದೆಯಾ? ನಾವು ಪುಣೆ, ಮುಂಬೈ, ಹೈದರಾಬಾದಿನಲ್ಲಿ, ಅಪ್ಪ-ಅಮ್ಮ ಊರಿನಲ್ಲಿ. ಗ್ರೂಪುಗಳಲ್ಲಿ ಯಾರದೋ ಪ್ರಿಸ್ಕ್ರಿಪ್ಶನ್ ಫೋಟೋ ಹರಿದಾಡುತ್ತಿತ್ತು, ಅದರಲ್ಲಿ ಸ್ಟೀರಾಯ್ಡ್ ಮಾತ್ರೆಯೂ ಇರುತ್ತಿತ್ತು. ಎಷ್ಟೋ ಜನ ಅದನ್ನೇ ಊರಿಗೆ ಕಳಿಸಿದೆವು. ಆ ಔಷಧದ ಅಧ್ಯಯನ ನಿಜಕ್ಕೂ ಏನು ಹೇಳಿತ್ತು, ನೋಡೋಣ.

2020ರಲ್ಲಿ ಬ್ರಿಟನ್ನಿನಲ್ಲಿ ನಡೆದದ್ದು 'ರಿಕವರಿ' ಅಧ್ಯಯನ. ಆಸ್ಪತ್ರೆ ಸೇರಿದ್ದ ಕೋವಿಡ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 2104 ಜನರಿಗೆ ಡೆಕ್ಸಾಮೆಥಾಸೋನ್, 4321 ಜನರಿಗೆ ಎಂದಿನ ಚಿಕಿತ್ಸೆ ಮಾತ್ರ. 28 ದಿನಗಳೊಳಗೆ ಮೊದಲ ಗುಂಪಿನಲ್ಲಿ 22.9%, ಎರಡನೆಯದರಲ್ಲಿ 25.7% ಜನ ತೀರಿಕೊಂಡರು.

ಇದು ಬರೀ ಆಕಸ್ಮಿಕವೂ ಇರಬಹುದಲ್ಲವೇ? ಅದಕ್ಕೇ ಮೊದಲು 'ಔಷಧದಿಂದ ಏನೂ ವ್ಯತ್ಯಾಸವಿಲ್ಲ' ಎಂದು ಇಟ್ಟುಕೊಂಡು ಲೆಕ್ಕ ಶುರು ಮಾಡುತ್ತಾರೆ. ಇದೇ *ಶೂನ್ಯ ಊಹೆ*. ಅದು ನಿಜವಾಗಿದ್ದರೆ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಕಾಣುವ ಸಾಧ್ಯತೆಗೆ *ಪಿ ಮೌಲ್ಯ* ಎನ್ನುತ್ತಾರೆ. ಇಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ; ಊಹೆಯನ್ನು ಕೈಬಿಟ್ಟರು. (ಪಿ ಮೌಲ್ಯವೆಂದರೆ 'ಔಷಧ ಕೆಲಸ ಮಾಡದಿರುವ ಸಾಧ್ಯತೆ' ಅಲ್ಲ. ಓದಿದವರೂ ಇಲ್ಲಿ ಎಡವುತ್ತಾರೆ.)

ಟಿವಿ ಸುದ್ದಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಮುಖ್ಯ ವಿಷಯ ಇರುವುದೇ ಇದರ ಮುಂದೆ.

ಎರಡು ಗುಂಪಿನ ಸಾವನ್ನು, ವಯಸ್ಸಿನ ಏರುಪೇರು ಸರಿಹೊಂದಿಸಿ, ಹೋಲಿಸಿದರು. ಉತ್ತರ 1 ಬಂದರೆ ಎರಡೂ ಸಮ, ಕಡಿಮೆ ಬಂದರೆ ಔಷಧದಿಂದ ಲಾಭ.

▪️ ವೆಂಟಿಲೇಟರ್‌ನಲ್ಲಿದ್ದವರು: 0.64 (0.51ರಿಂದ 0.81)
▪️ ಆಕ್ಸಿಜನ್ ಬೇಕಾಗಿರದವರು: 1.19 (0.92ರಿಂದ 1.55)

ಆವರಣದಲ್ಲಿರುವುದೇ 95% *ಕಾನ್ಫಿಡೆನ್ಸ್ ಇಂಟರ್ವಲ್*. ಇಂಥ ಅಧ್ಯಯನವನ್ನು ಮತ್ತೆ ಮತ್ತೆ ಮಾಡಿ ನೂರು ಸಲ ಹೀಗೆ ವ್ಯಾಪ್ತಿ ಹಾಕಿದರೆ, ಸುಮಾರು 95 ಸಲ ನಿಜವಾದ ಉತ್ತರ ಅದರೊಳಗೆ ಇರುತ್ತದೆ.

ಮೊದಲ ಸಾಲಿನ ವ್ಯಾಪ್ತಿ ಪೂರ್ತಿ 1ರ ಕೆಳಗಿದೆ: ಜೀವ ಉಳಿಸಿತು. ಎರಡನೆಯದು 1ರ ಎರಡೂ ಬದಿಗೆ ಚಾಚಿದೆ. ಸ್ವಲ್ಪ ಲಾಭ ಇದ್ದಿರಬಹುದು, ಸಾವು ಅರ್ಧಪಾಲಿಗಿಂತ ತುಸು ಹೆಚ್ಚೇ ಏರಿರಲೂಬಹುದು. ಹಾನಿ ಸಾಬೀತಾಗಲಿಲ್ಲ ನಿಜ, ಆದರೆ ಲಾಭವೂ ಸಾಬೀತಾಗಲಿಲ್ಲ. ಊರಿನಲ್ಲಿ ಜ್ವರ ಬಂದು ಮನೆಯಲ್ಲೇ ಮಲಗಿದ್ದ, ಉಸಿರಾಟ ಸರಿಯಿದ್ದ ಅಮ್ಮ ಈ ಎರಡನೇ ಸಾಲಿಗೆ ಹತ್ತಿರದವರು. ನಾವು ಕಳಿಸಿದ್ದು ಮೊದಲ ಸಾಲಿನವರ ಮಾತ್ರೆ. ಸ್ಟೀರಾಯ್ಡ್ ಶುಗರ್ ಏರಿಸುತ್ತದೆ, ರೋಗನಿರೋಧಕ ಶಕ್ತಿ ತಗ್ಗಿಸುತ್ತದೆ. ಆ ವರ್ಷದ ಕಪ್ಪು ಶಿಲೀಂಧ್ರ ಸೋಂಕಿನಲ್ಲಿ ಇವೆರಡರ ಪಾಲೂ ಇತ್ತು.

ವೈದ್ಯರು ಹೇಳಿ ಈಗ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಮಾತ್ರ ಇದನ್ನು ಓದಿ ದಿಢೀರನೆ ನಿಲ್ಲಿಸಬೇಡಿ, ಅದೂ ಅಪಾಯ. ಅವರನ್ನೇ ಕೇಳಿ.