ಬಿಡದೆ ಕಾಡುವ ಭೇದಿ ಮತ್ತು ಮಗುವಿನ ಪೋಷಣೆ

ಒಂದು ವರ್ಷ ತುಂಬಿದ ಮಗು ನಡೆಯಲು ಕಲಿಯುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ತಾಯಿಯ ಹಾಲಿನ ಜೊತೆಗೆ ಮನೆಯ ಊಟಕ್ಕೂ ಪಾಲುಗಾರನಾಗುತ್ತದೆ. ಈ ಮೂರೂ ಒಮ್ಮೆಲೇ ನಡೆಯುವ ಕಾಲವಾದುದರಿಂದ ಒಂದರಿಂದ ಮೂರು ವರ್ಷದೊಳಗಿನ ಮಕ್ಕಳಲ್ಲಿ ಹೊಟ್ಟೆಯ ತೊಂದರೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ನಿಲ್ಲುವ ಭೇದಿಯ ವಿಷಯ ಬಹುಮಟ್ಟಿಗೆ ಎಲ್ಲರಿಗೂ ತಿಳಿದಿದೆ. ವಾರಗಳು ಕಳೆದರೂ ನಿಲ್ಲದ ಭೇದಿಯ ವಿಷಯದಲ್ಲಿ ಮಾತ್ರ ಗೊಂದಲ ಹೆಚ್ಚು. ಈ ಪಾಠವು ಅದನ್ನು ಕುರಿತದ್ದು.

ಹೆಬ್ಬಾಳದ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಹದಿನೆಂಟು ತಿಂಗಳ ಮಗುವಿಗೆ ಮೂರು ವಾರಗಳಿಂದ ದಿನಕ್ಕೆ ನಾಲ್ಕೈದು ಬಾರಿ ನೀರಾಗಿ ಭೇದಿಯಾಗುತ್ತಿದೆ. ಮೊದಲ ವಾರ, "ಹಲ್ಲು ಬರುತ್ತಿದೆ, ತಾನಾಗಿಯೇ ನಿಲ್ಲುತ್ತದೆ" ಎಂದರು ಅಜ್ಜಿ. ಎರಡನೆಯ ವಾರ ಔಷಧಿ ಅಂಗಡಿಯಿಂದ ಸಿರಪ್ ಬಂತು. ಹಾಲು, ಅನ್ನ, ಬೇಳೆಗಳನ್ನು ನಿಲ್ಲಿಸಿ ಬರಿಯ ಬಾರ್ಲಿ ನೀರು ಕೊಡಲಾಯಿತು. ಮೂರನೆಯ ವಾರ ಭೇದಿ ಕೊಂಚ ಕಡಿಮೆಯಾಯಿತೇನೋ ನಿಜ. ಆದರೆ ಮಗು ಆಟ ಬಿಟ್ಟು ತಾಯಿಯ ತೊಡೆಯ ಮೇಲೆಯೇ ಮಲಗಿತು. ಈ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆದರೂ ಭೇದಿಯ ಜೊತೆಗೆ ಉಪವಾಸವೂ ಸೇರಿ ಮಗುವನ್ನು ಸೊರಗಿಸಿತು.

ದೀರ್ಘಕಾಲದ ಭೇದಿ ಎಂದರೇನು?

ಭೇದಿಯು 14 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿದರೆ ಅದನ್ನು ದೀರ್ಘಕಾಲದ ಭೇದಿ ಎನ್ನುತ್ತಾರೆ. ಹದಿನಾಲ್ಕನೆಯ ದಿನವನ್ನು ಗುರುತಿಟ್ಟುಕೊಳ್ಳಿರಿ. ಅಲ್ಲಿಂದ ಮುಂದೆ ಮನೆಮದ್ದನ್ನು ನಂಬಿ ಕುಳಿತಿರಕೂಡದು. ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ಆದರೆ ತೆಳುವಾಗಿ ಮಲ ಹೋಗುವ ಎಲ್ಲ ಮಕ್ಕಳೂ ರೋಗಿಗಳಲ್ಲ. ಕೆಲವು ಮಕ್ಕಳಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಸಡಿಲವಾಗಿ ಮಲ ಹೋಗುತ್ತದೆ. ಅದರಲ್ಲಿ ಕ್ಯಾರೆಟ್, ಬಟಾಣಿಯ ಚೂರುಗಳೂ ಕಾಣಿಸುತ್ತವೆ. ಆದರೂ ಮಗು ಚೆನ್ನಾಗಿ ಉಣ್ಣುತ್ತದೆ, ಆಡುತ್ತದೆ, ಬೆಳೆಯುತ್ತದೆ. ಪೊಟ್ಟಣದ ಹಣ್ಣಿನ ರಸ ಮತ್ತು ಸಿಹಿ ಪಾನೀಯಗಳನ್ನು ಹೆಚ್ಚಾಗಿ ಕುಡಿಯುವ ಮಕ್ಕಳಲ್ಲಿ ಇದು ಸಾಮಾನ್ಯ. ಹೀರಿಕೆಯಾಗದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಸೆಳೆಯುವುದೇ ಇದಕ್ಕೆ ಕಾರಣ. ಆ ಪಾನೀಯಗಳನ್ನು ನಿಲ್ಲಿಸಿ ಊಟದಲ್ಲಿ ಸ್ವಲ್ಪ ತುಪ್ಪವನ್ನೋ ಎಣ್ಣೆಯನ್ನೋ ಸೇರಿಸಿದರೆ ಅನೇಕ ಮಕ್ಕಳು ಸುಧಾರಿಸುತ್ತಾರೆ.

ಇವೆರಡನ್ನೂ ಬೇರ್ಪಡಿಸುವುದು ಹೇಗೆ? ಮಲವನ್ನಷ್ಟೇ ನೋಡದೆ ಮಗುವನ್ನೂ ನೋಡಿರಿ. ಅದರ ತೂಕವನ್ನು ನೋಡಿರಿ. ಎರಡನೆಯ ವರ್ಷದಲ್ಲಿ ಮಗುವಿನ ತೂಕ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಕಿಲೋಗ್ರಾಂ ಹೆಚ್ಚಬೇಕು. ಅಂಗನವಾಡಿಯಲ್ಲಿ ಪ್ರತಿ ತಿಂಗಳೂ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿರಿ. ಗೆರೆ ಮೇಲಕ್ಕೇರುತ್ತಿದ್ದರೆ ಧೈರ್ಯದಿಂದಿರಿ. ಗೆರೆ ಮಟ್ಟಸವಾದರೆ ಎಚ್ಚರಗೊಳ್ಳಿರಿ. ಗೆರೆ ಇಳಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ.

ಉಪವಾಸವೇಕೆ ಹಾನಿಕರ?

ಕರುಳಿನ ಒಳಪದರವು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಬೆಳೆಯುತ್ತಿರುತ್ತದೆ. ಭೇದಿಯಿಂದ ಅದಕ್ಕೆ ಗಾಯವಾದಾಗ ದುರಸ್ತಿಗೆ ಆಹಾರವೇ ಸಾಮಗ್ರಿ. ಆಹಾರ ನಿಲ್ಲಿಸಿದರೆ ದುರಸ್ತಿ ನಿಲ್ಲುತ್ತದೆ. ದುರಸ್ತಿಯಾಗದ ಕರುಳು ಮುಂದೆ ತಿಂದುದನ್ನೂ ಹೀರಿಕೊಳ್ಳಲಾರದು. ಭೇದಿ ಮತ್ತೆ ಮರುಕಳಿಸುತ್ತದೆ. ಸೊರಗಿದ ಮಗುವಿಗೆ ಸೋಂಕು ಬೇಗ ತಗಲುತ್ತದೆ. ಸೋಂಕು ತಗಲಿದ ಮಗು ಇನ್ನಷ್ಟು ಸೊರಗುತ್ತದೆ. ಈ ವಿಷವರ್ತುಲವನ್ನು ಕಡಿಯುವ ಮೊದಲ ಆಯುಧ ಊಟ.

ಎರಡನೆಯ ಆಯುಧ ಓ.ಆರ್.ಎಸ್. ಜೀವಜಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಸಕ್ಕರೆ ಮತ್ತು ಉಪ್ಪು ಬೆರೆಸಿದ ನೀರನ್ನು ಕುಡಿಸಿಯೇ ಅಸಂಖ್ಯ ಜನರ ಪ್ರಾಣ ಉಳಿಸಿದರು. ಇಂದು ಅದೇ ತತ್ತ್ವದ ಪೊಟ್ಟಣ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿರಿ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ ಕಾಲರಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡ ಮಗುವಿಗೆ ಅರ್ಧದಿಂದ ಒಂದು ಲೋಟ, ಚಮಚದಿಂದ ನಿಧಾನವಾಗಿ ಕುಡಿಸಿರಿ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಕೊಡಿರಿ. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಿರಿ. ಅಂಗಡಿಯ ಸಿಹಿ ಪಾನೀಯ ಓ.ಆರ್.ಎಸ್. ಆಗಲಾರದು.

ಮೂರನೆಯದು ಜಿಂಕ್ ಮಾತ್ರೆ. ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಕೊಡಬೇಕು. ಭೇದಿ ನಿಂತಿತೆಂದು ನಡುವೆ ಬಿಡಕೂಡದು. ಮಲವನ್ನು ಕಟ್ಟಿಸುವ ದೊಡ್ಡವರ ಮಾತ್ರೆಯನ್ನು ಮಗುವಿಗೆ ಎಂದೂ ಕೊಡಬೇಡಿರಿ. ವೈದ್ಯರು ಬರೆದುಕೊಡದ ಆಂಟಿಬಯಾಟಿಕ್ ಔಷಧಿಯನ್ನೂ ಕೊಡಬೇಡಿರಿ.

ಏನು ಉಣಿಸಬೇಕು?

ಎದೆಹಾಲನ್ನು ನಿಲ್ಲಿಸಬೇಡಿರಿ, ಮೊದಲಿಗಿಂತ ಹೆಚ್ಚು ಬಾರಿ ಕೊಡಿರಿ. ಹಸುವಿನ ಹಾಲು ಕುಡಿಯುವ ಮಗುವಿಗೆ ದೀರ್ಘಕಾಲದ ಭೇದಿಯಾದಾಗ ಹಾಲಿನ ಬದಲು ಮೊಸರು ಕೊಡುವುದು ಒಳ್ಳೆಯದು. ಹಾಲಿನ ಸಕ್ಕರೆ ಮೊಸರಿನಲ್ಲಿ ಕಡಿಮೆಯಾಗಿರುವುದರಿಂದ ಗಾಯಗೊಂಡ ಕರುಳು ಅದನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಮೆತ್ತಗೆ ಬೇಯಿಸಿದ ಅನ್ನ ಮತ್ತು ಹೆಸರುಬೇಳೆಗೆ ಒಂದು ಚಮಚ ಎಣ್ಣೆ, ಮೊಸರನ್ನ, ಇಡ್ಲಿ, ಮಾಗಿದ ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ರೂಢಿಯಿದ್ದರೆ ಮೊಟ್ಟೆ, ಇವೆಲ್ಲವೂ ತಕ್ಕ ಆಹಾರ. ದಿನಕ್ಕೆ ಆರು ಬಾರಿ, ಸ್ವಲ್ಪ ಸ್ವಲ್ಪವಾಗಿ ಉಣಿಸಿರಿ.

ನಮ್ಮ ನಾಡಿನ ರಾಗಿಯ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ರಾಗಿ ಹಿಟ್ಟಿನ ಗಂಜಿ ಬೇಗನೆ ಗಟ್ಟಿಯಾಗುತ್ತದೆ. ಮಗು ನುಂಗಲಿ ಎಂದು ತಾಯಿ ನೀರು ಬೆರೆಸುತ್ತಾಳೆ. ಆಗ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದ ತುಂಬುತ್ತದೆಯೇ ಹೊರತು ಆಹಾರದಿಂದಲ್ಲ. ನಮ್ಮ ಹಿರಿಯರು ಬಲ್ಲ ಮೊಳಕೆ ರಾಗಿಯ ಹಿಟ್ಟು ಇದಕ್ಕೆ ಪರಿಹಾರ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿರಿ. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುತ್ತದೆ. ಹೀಗಾಗಿ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ನುಂಗುವಷ್ಟು ತೆಳುವಾಗಿಯೇ ಉಳಿಯುತ್ತದೆ. ಪ್ರತಿ ಚಮಚದಲ್ಲಿಯೂ ಶಕ್ತಿ ಹೆಚ್ಚುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿಯೂ ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಸಂಶೋಧನೆ ನಡೆದಿದೆ. ಹಿಟ್ಟನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿಯೇ ಕೊಡಬೇಕು. ಮಾಡಿಟ್ಟ ಗಂಜಿಯನ್ನು ಗಂಟೆಗಟ್ಟಲೆ ಇಡಕೂಡದು.

ಭೇದಿ ನಿಂತ ಮೇಲೆ ಒಂದು ತಿಂಗಳವರೆಗೆ ದಿನಕ್ಕೆ ಒಂದು ಊಟ ಹೆಚ್ಚಾಗಿ ಕೊಡಿರಿ. ಕಳೆದ ತೂಕ ಮರಳುವುದು ಹೀಗೆಯೇ.

ನೀರು ಮತ್ತು ಕೈ

ಭೇದಿ ಮತ್ತೆ ಮತ್ತೆ ಬರುತ್ತಿದ್ದರೆ ಮನೆಯ ನೀರಿನ ಕಡೆಗೆ ಗಮನ ಹರಿಸಿರಿ. ಬೆಂಗಳೂರಿಗೆ ಕೊಳವೆ ನೀರು ಮೊದಲು ಹರಿದು ಬಂದದ್ದು ಉತ್ತರದ ಹೆಸರಘಟ್ಟ ಕೆರೆಯಿಂದ, 1896ರಲ್ಲಿ. ಇಂದು ಅದೇ ಉತ್ತರ ಭಾಗದ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಲ್ಲಿ ಕಾವೇರಿ ನೀರು, ಕೊಳವೆ ಬಾವಿ, ಟ್ಯಾಂಕರ್ ಎಲ್ಲವೂ ಬಳಕೆಯಲ್ಲಿವೆ. ಕಾವೇರಿ ಐದನೆಯ ಹಂತವು 2024ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಆದರೆ ನೀರು ಎಲ್ಲಿಂದಲೇ ಬರಲಿ, ಮನೆಯ ಸಂಪು, ಡ್ರಮ್ಮು ಮತ್ತು ಕೊಡದಲ್ಲಿ ಕೆಡಬಹುದು. ಸಂಪನ್ನು ಆಗಾಗ ತೊಳೆಸಿರಿ. ಮಗುವಿಗೆ ಕೊಡುವ ನೀರು ಕೊತಕೊತನೆ ಕುದಿಯತೊಡಗಿದ ಮೇಲೂ ಒಂದು ನಿಮಿಷ ಕುದಿಯಲಿ. ಮುಚ್ಚಿಡಿರಿ, ಹಿಡಿಕೆಯುಳ್ಳ ಸೌಟಿನಿಂದಲೇ ತೆಗೆಯಿರಿ. ಹಾಲಿನ ಸೀಸೆಯನ್ನು ಬಿಟ್ಟು ಲೋಟ ಚಮಚ ಬಳಸಿರಿ. ಮಗುವಿನ ಮಲ ತೊಳೆದ ಮೇಲೆ, ಅಡುಗೆಗೆ ಮೊದಲು, ಉಣಿಸುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ಒಂದು ವರ್ಷ ತುಂಬಿದ ಮಗುವಿಗೆ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿಯಲ್ಲಿ ಮಾತ್ರೆ ಕೊಡಿಸಿರಿ. ಎಳೆಗೂಸುಗಳಿಗೆ 6, 10 ಮತ್ತು 14ನೆಯ ವಾರಗಳಲ್ಲಿ ರೋಟಾವೈರಸ್ ಲಸಿಕೆಯನ್ನು ತಪ್ಪದೆ ಹಾಕಿಸಿರಿ.

ಮಲಬದ್ಧತೆ

ಕೆಲವು ಮಕ್ಕಳಿಗೆ ತೊಂದರೆ ಇದಕ್ಕೆ ವಿರುದ್ಧವಾದದ್ದು. ಊಟ ಬಿಟ್ಟು ದಿನವಿಡೀ ಹಾಲನ್ನೇ ಕುಡಿಯುವ ಮಗುವಿಗೆ ಮಲ ಗಟ್ಟಿಯಾಗುತ್ತದೆ. ನೋವಿಗೆ ಹೆದರಿ ಮಗು ಮಲವನ್ನು ತಡೆಹಿಡಿಯುತ್ತದೆ. ಹಾಲನ್ನು ದಿನಕ್ಕೆ ಎರಡು ಲೋಟಕ್ಕೆ ಮಿತಗೊಳಿಸಿ ಹಣ್ಣು, ಸೊಪ್ಪು, ನೀರು ಹೆಚ್ಚಿಸಿರಿ. ಊಟದ ನಂತರ ಕೂರುವ ಅಭ್ಯಾಸ ಮಾಡಿಸಿರಿ, ಗದರಿಸಬೇಡಿರಿ.

ಆಸ್ಪತ್ರೆಗೆ ಯಾವಾಗ?

ಮಲದಲ್ಲಿ ರಕ್ತ, ಕಣ್ಣು ಗುಳಿಬೀಳುವುದು, ಮೂತ್ರ ಕಡಿಮೆಯಾಗುವುದು, ಏನನ್ನೂ ಕುಡಿಯಲಾರದಿರುವುದು, ಮಂಕಾಗಿ ಮಲಗುವುದು, ಹಸಿರು ವಾಂತಿ, ಹೊಟ್ಟೆಯುಬ್ಬರ, ತೀವ್ರ ಜ್ವರ, ಪಾದಗಳ ಊತ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನಲ್ಲಿ ಮೊದಲು ವಿಚಾರಿಸಬಹುದು. ಯಲಹಂಕದ ಸಾರ್ವಜನಿಕ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಈ ಭಾಗಕ್ಕೆ ಸಮೀಪದವು. ಹೆಚ್ಚಿನ ಚಿಕಿತ್ಸೆಗೆ ವಾಣಿವಿಲಾಸ ಆಸ್ಪತ್ರೆ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳಿವೆ. ಹೋಗುವಾಗ ತಾಯಿ ಕಾರ್ಡನ್ನೂ ಈವರೆಗೆ ಕೊಟ್ಟ ಔಷಧಿಗಳ ಚೀಟಿಗಳನ್ನೂ ಒಯ್ಯಿರಿ. ವಾರಕ್ಕೊಬ್ಬ ವೈದ್ಯರನ್ನು ಬದಲಿಸಿದರೆ ಕಾರಣ ತಿಳಿಯುವುದು ತಡವಾಗುತ್ತದೆ.

ಪಾಠದ ಸಾರ

1. ಹಲ್ಲು ಬರುವುದೇ ದೀರ್ಘ ಭೇದಿಗೆ ಕಾರಣವೆಂದು ಭಾವಿಸಿ ಸುಮ್ಮನಿರಬೇಡಿರಿ.
2. ಭೇದಿಯಾದಾಗ ಊಟ ಮತ್ತು ಎದೆಹಾಲು ನಿಲ್ಲಕೂಡದು.
3. ಜೀವಜಲ ಕೊಡಿರಿ, ಜಿಂಕ್ 14 ದಿನ ಪೂರೈಸಿರಿ.
4. ಪ್ರತಿ ತಿಂಗಳೂ ತೂಕ ಹಾಕಿಸಿರಿ.
5. ಹದಿನಾಲ್ಕು ದಿನ ಮೀರಿದರೆ ವೈದ್ಯರಿಗೆ ತೋರಿಸಿರಿ.

ಚರ್ಚಿಸಿರಿ

1. ನಿಮ್ಮ ನೆರೆಯಲ್ಲಿ ಮಗುವಿಗೆ ಭೇದಿಯಾದಾಗ ಯಾವ ಆಹಾರಗಳನ್ನು ನಿಲ್ಲಿಸುತ್ತಾರೆ? ಅದು ಸರಿಯೇ?
2. ನಿಮ್ಮ ಮಗುವಿನ ಕಾರ್ಡಿನಲ್ಲಿ ಕಳೆದ ಮೂರು ತಿಂಗಳ ತೂಕದ ಗೆರೆ ಯಾವ ಕಡೆಗೆ ಸಾಗಿದೆ?