ಚಿತ್ರದ ಮೇಲಿಟ್ಟ ಬೆರಳೂ ಹೇಳಿಕೆಯೇ

ಕೀಟನಾಶಕದ ಡಬ್ಬಿಯ ಮೇಲಿನ ಕೆಂಪು ಗುರುತು ಏನು ಹೇಳುತ್ತದೆಂದು ಅಳ್ನಾವರ ಸುತ್ತಲಿನ ಕಬ್ಬು, ಗೋವಿನಜೋಳದ ರೈತನಿಗೆ ಯಾರೂ ಓದಿ ಹೇಳಬೇಕಿಲ್ಲ. ಕೆಂಪಿದ್ದರೆ ಕಡುವಿಷ, ಹಸಿರಿದ್ದರೆ ಅಪಾಯ ಕಡಿಮೆ. ಅಕ್ಷರ ಬಾರದವರಿಗೂ ತಿಳಿಯುವ ಈ ಬಣ್ಣಗಳನ್ನು 1971ರ ಕೀಟನಾಶಕ ನಿಯಮಗಳು ಕಡ್ಡಾಯ ಮಾಡಿವೆ. 1951–52ರ ಮೊದಲ ಮಹಾಚುನಾವಣೆಯಲ್ಲಿ ಪಕ್ಷಗಳಿಗೆ ಗುರುತು ಹಂಚಿದ್ದೂ ಓದುಬಾರದ ಮತದಾರರನ್ನು ನೆನೆದೇ. ಜೋಡೆತ್ತಿನ ಚಿತ್ರ ನೋಡಿ ಹಾಕಿದ ಮತ, ಹೆಸರು ಓದಿ ಹಾಕಿದ ಮತಕ್ಕಿಂತ ಕಡಿಮೆ ತೂಗಲಿಲ್ಲ.

ಇಷ್ಟೆಲ್ಲ ಒಪ್ಪಿಕೊಂಡಿರುವ ಸರಕಾರದ ಕಚೇರಿಯೊಂದಕ್ಕೆ ಮಾತು ಬಾರದ ಹೆಣ್ಣುಮಗಳು ಬಂದು, ತನ್ನ ಕೈಯಲ್ಲಿರುವ ಹಾಳೆಯ ಚಿತ್ರವೊಂದರ ಮೇಲೆ ಬೆರಳಿಟ್ಟು ತೋರಿಸಿದಳೆನ್ನಿ. “ಮನಿಯವರನ್ನ ಯಾರನ್ನರ ಕರಕೊಂಡ ಬಾರವ್ವಾ, ನಿಂದೇನೂ ತಿಳೀವಲ್ತು” ಎಂಬ ಉತ್ತರ ಬರುವುದೇ ಹೆಚ್ಚು. ಹೇಳುವವರಿಗೆ ಕೆಟ್ಟ ಮನಸ್ಸು ಇರಲಿಕ್ಕಿಲ್ಲ. ಆದರೆ ಕಾನೂನು ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು: ತಿಳಿದುಕೊಳ್ಳುವ ಹೊಣೆ ಮೇಜಿನ ಆಚೆ ಕುಳಿತವರದು.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ ಕಲಂ 2(ಎಫ್) ಸಂವಹನ ಎಂದರೆ ಏನೇನು ಎಂದು ವಿವರಿಸುತ್ತದೆ. ಮಾತು, ಬರಹದ ಜೊತೆಗೆ ಬ್ರೈಲ್, ಸ್ಪರ್ಶ, ಚಿಹ್ನೆ, ದೊಡ್ಡಕ್ಷರ, ದೃಶ್ಯ ಪ್ರದರ್ಶನ, ಸನ್ನೆಭಾಷೆ, ಸರಳ ಭಾಷೆ, ಮಾತಿಗೆ ಪೂರಕವಾದ ಅಥವಾ ಪರ್ಯಾಯವಾದ ವಿಧಾನಗಳು, ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ನೀರಿನ ಲೋಟದ ಚಿತ್ರ ತೋರಿಸಿ ನೀರು ಕೇಳುವ ಮಗು, ಕೈಸನ್ನೆಯಲ್ಲಿ ಪಿಂಚಣಿ ಬಂದಿಲ್ಲವೆನ್ನುವ ಅಜ್ಜ, ಮೊಬೈಲ್ ಪರದೆಯ ಚಿತ್ರ ಒತ್ತಿ ಉತ್ತರಿಸುವ ಯುವತಿ, ಇವರೆಲ್ಲ ಕಾನೂನಿನ ಕಣ್ಣಿನಲ್ಲಿ ಮಾತಾಡುತ್ತಿದ್ದಾರೆ. ಇದರ ಹಿಂದೆ ಭಾರತ 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆ ಇದೆ.

ಇದು ಯಾರಿಗೆ ಅನ್ವಯ? ಹುಟ್ಟು ಕಿವುಡರಿಗೆ ಮಾತ್ರವೆಂದು ತಿಳಿದವರೇ ಬಹಳ. ಕಾಯ್ದೆಯ ಅನುಸೂಚಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಅವುಗಳಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಸೆರೆಬ್ರಲ್ ಪಾಲ್ಸಿಗಳ ಜೊತೆಗೆ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಲಕ್ವಾ ಹೊಡೆದು ಮಾತು ಶಾಶ್ವತವಾಗಿ ಹೋದವರು, ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಇದರಲ್ಲಿ ಬರುತ್ತಾರೆ. 2011ರ ಜನಗಣತಿ ಕರ್ನಾಟಕದಲ್ಲಿ ಮಾತಿನ ತೊಂದರೆಯುಳ್ಳ ಸುಮಾರು 90 ಸಾವಿರ ಜನರನ್ನು ಲೆಕ್ಕಹಾಕಿತ್ತು. ಲಕ್ವಾದಿಂದ ಮಾತು ಕಳೆದುಕೊಂಡು ಪಡಸಾಲೆಯಲ್ಲಿ ಕುಳಿತ ಅಜ್ಜಂದಿರನ್ನು ಮನೆಯವರೇ ಈ ಲೆಕ್ಕಕ್ಕೆ ಕೊಟ್ಟಿರಲಾರರು ಎಂಬುದು ನನ್ನ ಅನುಮಾನ.

ಗುರುತಿನ ಚೀಟಿಯ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಕೇಂದ್ರದ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು. ಹುಲಿಕೇರಿ, ಬೆಣಚಿ, ಅರವಟಗಿಯಂಥ ಊರಿನವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಅವರ ಮೇಲೆ ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆಮೇಲೆ ತಪಾಸಣೆ. ಮಾತು, ಶ್ರವಣಕ್ಕೆ ಧಾರವಾಡದ ಜಿಲ್ಲಾ ಆಸ್ಪತ್ರೆ. ಬೌದ್ಧಿಕ ವೈಕಲ್ಯ, ಆಟಿಸಂಗೆ ಅಲ್ಲಿಯದೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವೈದ್ಯರ ನಿರ್ಣಯ ಒಪ್ಪಿಗೆಯಾಗದಿದ್ದರೆ ಕಲಂ 59ರಡಿ ಮೇಲ್ಮನವಿ ಉಂಟು. ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ. ಶೇ 40ರ ಮಿತಿ ಮೀಸಲಾತಿಯಂಥ ಸೌಲಭ್ಯಗಳಿಗೆ. ಸಮಾನವಾಗಿ ನಡೆಸಿಕೊಳ್ಳಿ, ನನಗೆ ತಿಳಿಯುವ ರೀತಿಯಲ್ಲಿ ಹೇಳಿ ಎಂದು ಕೇಳುವ ಕಲಂ 3ರ ಹಕ್ಕಿಗೆ ಆ ಮಿತಿಯಿಲ್ಲ. “ನಿಮ್ಮದು 35 ಪರ್ಸೆಂಟ್ ಐತಿ, ಆಗಂಗಿಲ್ಲ” ಎಂದು ಶಾಲೆಯೋ ಕಚೇರಿಯೋ ಕೈಚೆಲ್ಲಿದರೆ ಒಪ್ಪಬೇಡಿ.

ಈಗ ಶಾಲೆಗೆ ಬರೋಣ; ಹೆಚ್ಚಿನ ತಕರಾರು ಹುಟ್ಟುವುದೇ ಅಲ್ಲಿ. ಚಿತ್ರ ತೋರಿಸುವುದನ್ನು ರೂಢಿ ಮಾಡಿಸಿದರೆ ಮಗು ಮಾತು ಕಲಿಯುವುದೇ ಇಲ್ಲ ಎಂಬ ಭಯ ತಾಯಿ ತಂದೆಗೂ ಇದೆ, ಮಾಸ್ತರರಿಗೂ ಇದೆ. 2006ರಲ್ಲಿ ಪ್ರಕಟವಾದ ಅಧ್ಯಯನಗಳ ಪರಾಮರ್ಶೆಯೊಂದು ಈ ಭಯಕ್ಕೆ ಆಧಾರ ಕಾಣಲಿಲ್ಲ. ಇರುವ ಮಾತು ಕುಗ್ಗಿದ ಮಕ್ಕಳು ಅದರಲ್ಲಿ ಸಿಗಲಿಲ್ಲ, ಹಲವರ ಮಾತು ತುಸು ಹೆಚ್ಚಿತ್ತು. ಕಾಯ್ದೆಯೂ ಅದೇ ದಾರಿ ಹಿಡಿದಿದೆ. ಕಲಂ 17(ಎಫ್) ಪ್ರಕಾರ, ವಾಕ್, ಸಂವಹನ ಅಥವಾ ಭಾಷೆಯ ತೊಂದರೆ ಇರುವವರ ದಿನನಿತ್ಯದ ಅಗತ್ಯಗಳಿಗಾಗಿ ಅವರ ಸ್ವಂತ ಮಾತಿಗೆ ಪೂರಕವಾಗಿ ಪರ್ಯಾಯ ವಿಧಾನಗಳನ್ನು ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳು ಉತ್ತೇಜಿಸಬೇಕು. ಪಟ್ಟಣ ಪಂಚಾಯಿತಿಯೂ ಸ್ಥಳೀಯ ಸಂಸ್ಥೆಯೇ. ಕಲಂ 31ರಡಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲೋ, ಬಯಸಿದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ. ಆಯ್ಕೆ ಮಗುವಿನ ಕಡೆಯದು, ಮುಖ್ಯೋಪಾಧ್ಯಾಯರದಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವು ಕಲಂ 17(ಐ)ನಲ್ಲೇ ಇವೆ. ಲೋಂಡಾ ಕಡೆಯ ಮರಾಠಿ, ಕೊಂಕಣಿ, ಮನೆಯ ಉರ್ದು, ಶಾಲೆಯ ಕನ್ನಡ ಎಲ್ಲ ಒಂದೇ ಓಣಿಯಲ್ಲಿ ಕೇಳುವ ಅಳ್ನಾವರದಲ್ಲಿ ಈ ವಿನಾಯಿತಿಯ ಬೆಲೆ ಪಾಲಕರಿಗೆ ಬೇಗ ಅರ್ಥವಾಗುತ್ತದೆ.

ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಡಿ. ಒಂದು ಪುಟ ಸಾಕು:

“ನನ್ನ ಮಗಳು ಚಿತ್ರಫಲಕ ಮತ್ತು ಕೈಸನ್ನೆಯ ಮೂಲಕ ತನ್ನ ಮಾತು ತಿಳಿಸುತ್ತಾಳೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ ಕಲಂ 16 ಮತ್ತು 17ರ ಪ್ರಕಾರ ತರಗತಿಯಲ್ಲಿ, ಊಟದ ಹೊತ್ತಿನಲ್ಲಿ ಹಾಗೂ ಪರೀಕ್ಷೆಯಲ್ಲಿ ಈ ವಿಧಾನ ಬಳಸಲು ಅವಕಾಶ ಮಾಡಿಕೊಡಬೇಕು. ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ (ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರ ನೆರವಿನಿಂದ ಅವಳಿಗೆ ಪ್ರತ್ಯೇಕ ಕಲಿಕಾ ಯೋಜನೆ ಸಿದ್ಧಪಡಿಸಬೇಕು. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.”

ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು, ತಾರೀಖು ಹಾಕಿಸಿಕೊಳ್ಳಿ. ಇಸಿದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಇದ್ದೇ ಇದೆ. ಮುಂದೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಈ ಕಾಗದವನ್ನೇ.

ಚಿತ್ರಫಲಕ ದುಬಾರಿಯದ್ದೇ ಆಗಬೇಕೆಂದಿಲ್ಲ. ಆವಾಜ್ ಎಂಬ ಆ್ಯಪ್ ಚೆನ್ನೈನಲ್ಲಿ ಹುಟ್ಟಿದ್ದು, ಜೆಲ್ಲೊ ಎಂಬುದನ್ನು ಐಐಟಿ ಬಾಂಬೆಯವರು ಉಚಿತವಾಗಿ ಕೊಟ್ಟಿದ್ದಾರೆ. ಮನೆಯ ಪಾತ್ರೆ, ರೊಟ್ಟಿ, ಅಜ್ಜಿ, ಬಸ್ಸು, ಶೌಚಾಲಯಗಳ ಫೋಟೊ ತೆಗೆದು ರಟ್ಟಿಗೆ ಅಂಟಿಸಿದರೂ ಕೆಲಸ ನಡೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ವಾಕ್ ತಜ್ಞರನ್ನು ಕಂಡರೆ ಮಗುವಿಗೆ ಯಾವುದು ಒಗ್ಗುತ್ತದೆಂದು ಹೇಳುತ್ತಾರೆ. ನನ್ನ ತಕರಾರು ಇರುವುದು ಫಲಕದಲ್ಲಿ ಏನಿರುತ್ತದೆ ಎಂಬುದರ ಬಗ್ಗೆ. ಹೆಚ್ಚಿನವುಗಳಲ್ಲಿ ಊಟ, ನೀರು, ಆಟಿಕೆ ಮಾತ್ರ. ‘ಬೇಡ’, ‘ಸಾಕು’, ‘ನೋವಾಗ್ತದ’, ‘ಅಂವ ಮುಟ್ಟಿದ’ ಎಂದು ಹೇಳಲು ಚಿತ್ರವೇ ಇರುವುದಿಲ್ಲ. ದೇಹದ ಎಲ್ಲ ಭಾಗಗಳ ಚಿತ್ರ ಹಾಕಲು ದೊಡ್ಡವರಿಗೆ ನಾಚಿಕೆ. ಆ ನಾಚಿಕೆಯಿಂದ ಮಗುವಿನ ದೂರು ಹುಟ್ಟುವ ಮೊದಲೇ ಸತ್ತಿರುತ್ತದೆ. ಪೋಕ್ಸೊ ಕಾಯ್ದೆಯ ಕಲಂ 26, ವೈಕಲ್ಯವಿರುವ ಮಗುವಿನ ಹೇಳಿಕೆ ಬರೆದುಕೊಳ್ಳುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಸಂವಹನದ ರೀತಿ ಬಲ್ಲವರ ನೆರವು ಪಡೆಯಲು ಪೊಲೀಸರಿಗೆ, ಮ್ಯಾಜಿಸ್ಟ್ರೇಟರಿಗೆ ಅವಕಾಶ ಕೊಡುತ್ತದೆ. ತೋರಿಸಲು ಚಿತ್ರವೇ ಇಲ್ಲದಿದ್ದರೆ ಆ ಅವಕಾಶದಿಂದ ಏನು ಬಂತು?

ದೊಡ್ಡವರ ವಿಷಯದಲ್ಲೂ ಪೊಲೀಸರಿಗೆ ಕಟ್ಟುಪಾಡುಗಳಿವೆ. ಲೈಂಗಿಕ ದೌರ್ಜನ್ಯ, ಆ್ಯಸಿಡ್ ದಾಳಿಯಂಥ ಅಪರಾಧಕ್ಕೆ ಗುರಿಯಾದ ಮಹಿಳೆಗೆ ವೈಕಲ್ಯವಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಪೊಲೀಸರೇ ಆಕೆಯ ಮನೆಗೆ ಅಥವಾ ಆಕೆ ಹೇಳಿದ ಅನುಕೂಲದ ಜಾಗಕ್ಕೆ ಬಂದು ದೂರು ಬರೆದುಕೊಳ್ಳಬೇಕು; ದುಭಾಷಿ ಅಥವಾ ವಿಶೇಷ ಶಿಕ್ಷಕರು ಎದುರಿಗಿರಬೇಕು; ಅದರ ವಿಡಿಯೊ ಆಗಬೇಕು. ಸಾಕ್ಷಿಯಾಗಿ ಕರೆಯುವುದಾದರೂ ಅಷ್ಟೇ: ಕಲಂ 179ರ ಪ್ರಕಾರ ವೈಕಲ್ಯವಿರುವವರನ್ನು ಠಾಣೆಗೆ ಬಾ ಎನ್ನುವಂತಿಲ್ಲ, ಅವರಿರುವಲ್ಲಿಗೇ ಹೋಗಬೇಕು. ನ್ಯಾಯಾಲಯದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 125 ಇದೆ. ಮಾತಾಡಲಾಗದ ಸಾಕ್ಷಿ ಬರೆದು ಅಥವಾ ಸನ್ನೆಯಿಂದ ಹೇಳಿದ್ದು ಮೌಖಿಕ ಸಾಕ್ಷ್ಯವೆಂದೇ ಪರಿಗಣಿತ. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಸನ್ನೆಭಾಷೆಯ ದುಭಾಷಿಯ ಮೂಲಕ ವಾದ ಮಂಡಿಸಿದರು. ಸಾಕ್ಷಿಯಷ್ಟೇ ಅಲ್ಲ, ವಾದವೇ ಸನ್ನೆಯಲ್ಲಿ ನಡೆಯಿತು.

ಆದರೆ ದುಭಾಷಿ ಯಾರಾಗಬೇಕು ಎಂಬಲ್ಲಿ ನಮ್ಮ ಊರಿನ ರೂಢಿ ಎಡವುತ್ತದೆ. ಮನೆಯವರೇ ಇದ್ದಾರಲ್ಲ ಎನ್ನುತ್ತೇವೆ. ರಾಜಸ್ಥಾನ ಸರಕಾರ ಮತ್ತು ದರ್ಶನ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಈ ಮಾತಿಗೆ ಉತ್ತರ ಕೊಟ್ಟಿದೆ. ಕಿವಿ ಕೇಳದ, ಮಾತು ಬಾರದ ವ್ಯಕ್ತಿ ಸಾಕ್ಷಿ ನುಡಿಯಲು ಪೂರ್ತಿ ಅರ್ಹ. ಆದರೆ ದುಭಾಷಿಗೆ ಪ್ರಕರಣದಲ್ಲಿ ಸ್ವಂತ ಹಿತಾಸಕ್ತಿ ಇರಬಾರದು, ಆತ ಪ್ರಮಾಣ ಮಾಡಿರಬೇಕು, ಅನುವಾದದ ಜೊತೆಗೆ ಸನ್ನೆಗಳೂ ದಾಖಲಾಗಬೇಕು. ಆ ಕೊಲೆ ಪ್ರಕರಣದಲ್ಲಿ ಇವು ಪಾಲನೆಯಾಗಿರಲಿಲ್ಲ, ಬಿಡುಗಡೆಯ ತೀರ್ಪು ಉಳಿಯಿತು. ಹಾಗಾಗಿ ದುಭಾಷಿ ಬೇಕೆಂಬ ಅರ್ಜಿಯನ್ನು ಮೊದಲ ತಾರೀಖಿನಲ್ಲೇ ಹಾಕಿ.

ಹೊಲದ ವ್ಯವಹಾರಕ್ಕೆ ಬಂದರೆ ಇದು ಇನ್ನೂ ಸೂಕ್ಷ್ಮ. ತವರಿನ ಆಸ್ತಿಯಲ್ಲಿ ಪಾಲಿರುವ, ಮಾತು ಬಾರದ ಅಕ್ಕನನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು, “ಆಕಿ ಒಪ್ಯಾಳ್ರಿ” ಎಂದು ತಮ್ಮನೇ ಹೇಳುವುದು ಕಷ್ಟದ ಕೆಲಸವಲ್ಲ. ಕಾಯ್ದೆಯ ಕಲಂ 13 ಇದನ್ನು ತಡೆಯಲೆಂದೇ ಇದೆ. ಆಸ್ತಿ ಹೊಂದುವ, ಉತ್ತರಾಧಿಕಾರದಿಂದ ಪಡೆಯುವ, ತನ್ನ ಹಣಕಾಸು ತಾನೇ ನೋಡಿಕೊಳ್ಳುವ ಹಕ್ಕು ಆಕೆಗೆ ಎಲ್ಲರಷ್ಟೇ ಇದೆ. ನೆರವು ಕೊಡುವವನ ಹಿತಕ್ಕೂ ಆಕೆಯ ಹಿತಕ್ಕೂ ವಿರೋಧ ಬಂದರೆ ಆ ವ್ಯವಹಾರದ ಮಟ್ಟಿಗೆ ಅವನು ನೆರವಿನಿಂದ ಹಿಂದೆ ಸರಿಯಬೇಕು. ರಕ್ತಸಂಬಂಧ ಇದ್ದ ಮಾತ್ರಕ್ಕೆ ವಿರೋಧವಿದೆಯೆಂದು ಊಹಿಸಬಾರದು ಎಂದೂ ಅದೇ ಕಲಂ ಹೇಳುತ್ತದೆ, ನಿಜ. ಆದರೆ ಪತ್ರದಿಂದ ಲಾಭವಾಗುವವನೇ ಅನುವಾದಕನಾದಾಗ ಊಹೆಯ ಮಾತೆಲ್ಲಿ? ಹೊರಗಿನ ದುಭಾಷಿ ಬರಲಿ, ‘ಹೊಲ’, ‘ನನ್ನದು’, ‘ಕೊಡುತ್ತೇನೆ’, ‘ಕೊಡುವುದಿಲ್ಲ’ ಎಂಬ ಚಿತ್ರಗಳನ್ನು ಆಕೆಯ ಮುಂದಿಟ್ಟು ಕೇಳಲಿ, ವಿಡಿಯೊ ಆಗಲಿ ಎಂದು ಆಕೆಯ ಪರವಾಗಿ ಯಾರಾದರೂ ಲಿಖಿತವಾಗಿ ಕೋರಬಹುದು.

ಮನೆಯವರಲ್ಲದವರಿಗೆ ಸನ್ನೆ ತಿಳಿಯುವುದೆಲ್ಲಿ ಎನ್ನುವವರು ಗೌರಿಬಿದನೂರು ತಾಲ್ಲೂಕಿನ ಅಲೀಪುರವನ್ನು ನೋಡಬೇಕು. ಕಿವುಡರು ಹೆಚ್ಚಿರುವ ಆ ಊರಿನಲ್ಲಿ ಊರಿನದೇ ಸನ್ನೆಭಾಷೆ ಬೆಳೆದಿದೆ, ಕಿವಿ ಕೇಳುವ ನೆರೆಯವರೂ ಅದನ್ನು ಬಳಸುತ್ತಾರೆ. ಭಾಷಾವಿಜ್ಞಾನಿಗಳು ಅದನ್ನು ದಾಖಲಿಸಿದ್ದಾರೆ.

ಕಚೇರಿ ಕಿವಿಗೊಡದಿದ್ದರೆ ದೂರು ಎಲ್ಲಿಗೆ? ಅಳ್ನಾವರದಂಥ ಊರಿನಲ್ಲಿ ಇದು ಗೊಂದಲದ ಪ್ರಶ್ನೆ. 2018ರಲ್ಲಿ ತಾಲ್ಲೂಕಾದ ಊರಿನ ತಹಶೀಲ್ದಾರ್ ಕಚೇರಿ, ಪಟ್ಟಣ ಪಂಚಾಯಿತಿ, ಸರಕಾರಿ ಶಾಲೆ, ವಾಯವ್ಯ ಸಾರಿಗೆಯ ಬಸ್ ನಿಲ್ದಾಣ ಇವು ರಾಜ್ಯದ ವ್ಯಾಪ್ತಿ. ದೂರು ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ. ರೈಲ್ವೆ ಜಂಕ್ಷನ್, ಅಂಚೆ ಕಚೇರಿ, ರಾಷ್ಟ್ರೀಕೃತ ಬ್ಯಾಂಕು ಕೇಂದ್ರದವು. ದೂರು ದಿಲ್ಲಿಯ ಮುಖ್ಯ ಆಯುಕ್ತರಿಗೆ. ಟಿಕೆಟ್ ಕಿಂಡಿಯಲ್ಲಿ ಚಿತ್ರಸೂಚಿ ಇಲ್ಲವೆಂಬ ದೂರು ರೈಲಿನದಾದರೆ ಒಂದು ಕಡೆ, ಬಸ್ಸಿನದಾದರೆ ಇನ್ನೊಂದು ಕಡೆ. ಆಯುಕ್ತರಿಗೆ ವಿಚಾರಣೆಯಲ್ಲಿ ಸಿವಿಲ್ ಕೋರ್ಟಿನ ಕೆಲವು ಅಧಿಕಾರಗಳಿವೆ. ಅವರ ಶಿಫಾರಸಿನ ಮೇಲೆ ಏನು ಮಾಡಿದೆವು ಅಥವಾ ಯಾಕೆ ಒಪ್ಪಲಿಲ್ಲ ಎಂಬುದನ್ನು ಕಚೇರಿ ಮೂರು ತಿಂಗಳೊಳಗೆ ತಿಳಿಸಬೇಕು. ಸುಗಮ್ಯತೆಯ ಮಾನದಂಡ ಬರೀ ಸಲಹೆಯ ಮಟ್ಟದಲ್ಲಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಹೇಳಿದೆ. ದೂರಿನಲ್ಲಿ ಈ ತೀರ್ಪಿನ ಹೆಸರು ಬರೆಯಿರಿ. ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ ಅದು ಆಯುಕ್ತರ ವಿಷಯವಷ್ಟೇ ಅಲ್ಲ, ಕಲಂ 92ರಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡದ ಅಪರಾಧ. ಸಂತೆಯಲ್ಲಿ “ಏ ಮೂಗಾ” ಎಂದು ಕೂಗಿ ನಗುವವರಿಗೆ ಇದನ್ನು ಯಾರಾದರೂ ಹೇಳಬೇಕು.

ವಕೀಲರ ಖರ್ಚಿನ ಚಿಂತೆ ಬೇಡ. ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ 1987ರ ಕಲಂ 12ರಡಿ ವೈಕಲ್ಯವಿರುವವರಿಗೆ ವರಮಾನ ನೋಡದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಮಾತು ಬಾರದವರಿಗೆ ಫೋನ್ ನಂಬರು ಕೊಟ್ಟರೆ ಏನು ಪ್ರಯೋಜನ ಎಂದು ನೀವು ಕೇಳಿದರೆ ತಪ್ಪಿಲ್ಲ. ಅಂಥವರು ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಹೋಗಬಹುದು, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಜಾಲತಾಣದಲ್ಲಿ ಅರ್ಜಿ ತುಂಬಬಹುದು. ಅರ್ಜಿಯ ಮೊದಲ ಸಾಲಿನಲ್ಲೇ ‘ನಾನು ಚಿತ್ರಫಲಕದಿಂದ ಉತ್ತರಿಸುತ್ತೇನೆ’ ಅಥವಾ ‘ನನಗೆ ಸನ್ನೆಭಾಷೆಯ ದುಭಾಷಿ ಬೇಕು’ ಎಂದು ಬರೆಯಿರಿ, ಜೊತೆಗೆ ಯುಡಿಐಡಿ ಕಾರ್ಡಿನ ಪ್ರತಿ ಮತ್ತು ಶಾಲೆಯಲ್ಲೋ ಕಚೇರಿಯಲ್ಲೋ ಮೊಹರು ಹಾಕಿಸಿಕೊಂಡ ಆ ಒಂದು ಪುಟ ಲಗತ್ತಿಸಿ.