ರಕ್ತದ ಟಾನಿಕ್, ಕಲೇಜಿ, ಕೆಂಪು ಗುಳಿಗೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಕಲಬುರಗಿ ಜಿಲ್ಲೆಯ ಐದು ಊರುಗಳಿಂದ ಬಂದ ಪತ್ರಗಳನ್ನು ಒಟ್ಟಿಗೆ ಆರಿಸಿಕೊಂಡಿದ್ದೇನೆ. ಐದೂ ಸುತ್ತುವುದು ಒಂದೇ ವಿಷಯದ ಸುತ್ತ: ಪ್ರಾಣಿಯಿಂದ ಬರುವ ಕಬ್ಬಿಣಾಂಶ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಇದು ಯಾರೋ ಒಬ್ಬರ ಮನೆಯ ಪ್ರಶ್ನೆಯಲ್ಲ.

ಪ್ರಶ್ನೆ: ನಾ ಸಣ್ಣಾಕಿ ಇದ್ದಾಗ ನಮ್ಮವ್ವಗ ರಕ್ತ ಕಮ್ಮಿ ಆಗಿತ್ತು. ಡಾಕ್ಟರು ಕಡುಕೆಂಪು ಟಾನಿಕ್ ಬರೆದು ಕೊಟ್ಟಿದ್ದರು. ಅದರಾಗ ಖರೇನ ರಕ್ತ ಅದ ಅಂತ ಮಂದಿ ಹೇಳ್ತಿದ್ದರು. ಈಗ ನನ್ನ 19 ವರ್ಷದ ಮಗಳಿಗೆ ಎಚ್‌ಬಿ 8 ಬಂದದ. ಮೆಡಿಕಲ್‌ನವರು ಈಗಿನ ಟಾನಿಕ್‌ನಾಗ ರಕ್ತ ಇರಲ್ಲ ಅಂತಾರ. ಹಳೇದು ಯಾಕ ನಿಂತಿತು? ಅದೇ ಛಲೋ ಇತ್ತಲ್ಲೇನ್ರಿ?
— ಗೃಹಿಣಿ, ಶಹಾಬಾದ

ಉತ್ತರ: ಮಂದಿ ಹೇಳಿದ್ದು ಸುಳ್ಳಲ್ಲ ತಾಯಿ. ಆ ಕಾಲದ ಹಲವು ಟಾನಿಕ್‌ಗಳಲ್ಲಿ ಪ್ರಾಣಿಗಳ ರಕ್ತದಿಂದ ತೆಗೆದ ಹಿಮೋಗ್ಲೋಬಿನ್ ಇರುತ್ತಿತ್ತು. ಕಸಾಯಿಖಾನೆಯಲ್ಲಿ ಹರಿದು ಹೋಗುವ ರಕ್ತವನ್ನು ಔಷಧ ಮಾಡುವ ಯೋಚನೆ ಯುರೋಪಿನಲ್ಲಿ ಹಳೆಯದು. ಝೂರಿಕ್‌ನ ಅಡಾಲ್ಫ್ ಹೊಮ್ಮೆಲ್ 1890ರಲ್ಲಿ ದನದ ರಕ್ತದಿಂದ ‘ಹೆಮಟೋಜನ್’ ಎಂಬ ದ್ರವ ಮಾಡಿ ಮಾರಾಟಕ್ಕೆ ತಂದರು. ರಷ್ಯಾದಲ್ಲಿ ಅದು ಸಿಹಿ ಪಟ್ಟಿಯ ರೂಪ ಪಡೆಯಿತು. ಇವತ್ತಿಗೂ ಅಲ್ಲಿನ ಔಷಧ ಅಂಗಡಿಗಳಲ್ಲಿ ಮಕ್ಕಳು ಅದನ್ನು ಕೊಂಡು ತಿನ್ನುತ್ತಾರೆ.

ಯೋಚನೆಯಲ್ಲಿ ಹುರುಳಿತ್ತು. ರಕ್ತ ಮತ್ತು ಮಾಂಸದ ಕಬ್ಬಿಣ ‘ಹೀಮ್’ ಎಂಬ ಉಂಗುರದಂಥ ಅಣುವಿನ ನಡುವೆ ಕೂತಿರುತ್ತದೆ. ಕರುಳು ಆ ಉಂಗುರವನ್ನು ಇಡಿಯಾಗಿಯೇ ಒಳಗೆ ತೆಗೆದುಕೊಳ್ಳುತ್ತದೆ. ಜೋಳದಲ್ಲಿರುವ ಫೈಟೇಟ್‌ಗಾಗಲಿ ಚಹಾದ ಒಗರಿಗಾಗಲಿ ಅದು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಹೀಮ್ ಕಬ್ಬಿಣದಲ್ಲಿ ಶೇ. 15ರಿಂದ 35ರಷ್ಟು ಮೈಗೆ ಹತ್ತಿದರೆ, ಕಾಳು ಸೊಪ್ಪಿನ ಕಬ್ಬಿಣದಲ್ಲಿ ನಮ್ಮ ಊಟದ ಜೊತೆ ಬಹಳ ಸಲ ಶೇ. 10ಕ್ಕಿಂತ ಕಡಿಮೆ ಹತ್ತುತ್ತದೆ.

ಹಾಗಾದರೆ ಟಾನಿಕ್ ಸೋತದ್ದೆಲ್ಲಿ? ಪ್ರಮಾಣದಲ್ಲಿ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಇರುವ ಕಬ್ಬಿಣ ಬರೀ 3.4 ಮಿಲಿಗ್ರಾಂ. ಅದರಲ್ಲಿ ಕಾಲು ಭಾಗ ಮೈಗೆ ಹತ್ತಿದರೂ ಒಂದು ಮಿಲಿಗ್ರಾಂ ಮುಟ್ಟುವುದಿಲ್ಲ. ಸರಕಾರಿ ಆಸ್ಪತ್ರೆಯ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಹತ್ತನೇ ಒಂದು ಭಾಗ ಹೀರಿದರೂ 6 ಮಿಲಿಗ್ರಾಂ ಆಯಿತು. ಗುಳಿಗೆಯಲ್ಲಿರುವ 60 ಮಿಲಿಗ್ರಾಂನಷ್ಟೇ ಕಬ್ಬಿಣ ತುಂಬಬೇಕಾದರೆ ಟಾನಿಕ್‌ನಲ್ಲಿ 18 ಗ್ರಾಂನಷ್ಟು ಹಿಮೋಗ್ಲೋಬಿನ್ ಇರಬೇಕು. ಚಮಚದಲ್ಲಿ ಅದು ಹಿಡಿಯುವ ಮಾತಲ್ಲ. ಬಡವರು ಆಗ ದುಡ್ಡು ಕೊಟ್ಟದ್ದು ಬಹುಪಾಲು ಬಣ್ಣಕ್ಕೆ, ಮತ್ತು ‘ರಕ್ತ ಕುಡಿದರೆ ರಕ್ತ ಆಗ್ತದೆ’ ಎಂಬ ನಂಬಿಕೆಗೆ. ನನಗೆ ಇದು ಈಗಲೂ ಸಂಕಟದ ವಿಷಯ. ಮೇಲಾಗಿ ರಕ್ತದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಕೇಂದ್ರ ಸರಕಾರ 1999ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ಹಿಮೋಗ್ಲೋಬಿನ್ ಯಾವ ರೂಪದಲ್ಲಿ ಸೇರಿದ್ದರೂ ಅಂಥ ಮಿಶ್ರಣ ಔಷಧಗಳನ್ನು 2000ದ ಸೆಪ್ಟೆಂಬರ್ 1ರಿಂದ ನಿಷೇಧಿಸಿತು. ಈಗಿನ ಕೆಂಪು ಟಾನಿಕ್‌ಗಳಲ್ಲಿರುವುದು ಕಬ್ಬಿಣದ ಲವಣ ಮತ್ತು ಬಣ್ಣ.

ನಿಮ್ಮ ಮಗಳಿಗೆ 12ರ ಮೇಲಿರಬೇಕಾದ ಎಚ್‌ಬಿ 8 ಇದೆ. ಟಾನಿಕ್ ಹುಡುಕುತ್ತ ದಿನ ಕಳೆಯಬೇಡಿರಿ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಟ್ಟಿನಲ್ಲಿ ಎಷ್ಟು ದಿನ, ಎಷ್ಟು ರಕ್ತ ಹೋಗುತ್ತದೆ ಎಂಬುದನ್ನು ಆಕೆ ಸಂಕೋಚವಿಲ್ಲದೆ ಹೇಳಬೇಕು. ಗುಳಿಗೆ ಶುರು ಮಾಡಿದ ಒಂದು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ಕನಿಷ್ಠ 1 ಗ್ರಾಂ ಏರಿರಬೇಕು, ಏರದಿದ್ದರೆ ಬೇರೆ ಕಾರಣ ಹುಡುಕಬೇಕು. ಎಚ್‌ಬಿ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಗುಳಿಗೆ ಮುಂದುವರಿದರೇ ಮೈಯ ಕಬ್ಬಿಣದ ದಾಸ್ತಾನು ತುಂಬುವುದು.

ಪ್ರಶ್ನೆ: ನಾನು ತಾಂಡಾದ ಆಶಾ ಕಾರ್ಯಕರ್ತೆ. ನಮ್ಮಲ್ಲಿ ಕುರಿ, ಆಡು ಕೊಯ್ದಾಗ ಸಳೋಯಿ ಮಾಡ್ತೀವಿ, ಅದಕ್ಕ ರಕ್ತ ಹಾಕ್ತೀವಿ. ಹಾಸ್ಟೆಲ್‌ಗೆ ಹೋಗಿ ಬಂದ ಹುಡುಗ್ಯಾರು ಈಗ ಮುಟ್ಟಲ್ಲ, ನಾಚಿಕಿ ಅಂತಾರ. ನಮಗ ಕೊಟ್ಟ ಚಾರ್ಟ್‌ನಾಗ ಬರೇ ಸೊಪ್ಪು, ಬೆಲ್ಲ, ಖರ್ಜೂರ ಅವ. ಸಳೋಯಿ ತಿನ್ರಿ ಅಂತ ಮೀಟಿಂಗ್‌ನಾಗ ಹೇಳಬಹುದೇನ್ರಿ?
— ಚಿಂಚೋಳಿ ತಾಲ್ಲೂಕು

ಉತ್ತರ: ಹೇಳಿ ತಂಗಿ, ದನಿ ಎತ್ತಿ ಹೇಳಿ. ನೂರು ಮಿಲಿಲೀಟರ್ ಆಡಿನ ರಕ್ತದಲ್ಲಿ ಸುಮಾರು 30 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದೂ ಮೈಗೆ ಚೆನ್ನಾಗಿ ಹತ್ತುವ ಹೀಮ್ ರೂಪದಲ್ಲಿ. ಹಳೆಯ ಟಾನಿಕ್ ಚಮಚದಲ್ಲಿ ಕೊಡಲಾಗದ್ದನ್ನು ನಿಮ್ಮ ಅಜ್ಜಿಯರು ಗಂಗಾಳದಲ್ಲಿ ಬಡಿಸಿದ್ದಾರೆ. ಚಾರ್ಟ್ ಬರೆದವರ ಮನೆಯಲ್ಲಿ ಇದನ್ನು ಉಣ್ಣದಿರಬಹುದು. ಅಷ್ಟಕ್ಕೇ ಉಣ್ಣುವವರ ಚಾರ್ಟಿನಿಂದಲೂ ಇದನ್ನು ಬಿಟ್ಟದ್ದು ಅನ್ಯಾಯ. ಬೆಲ್ಲವನ್ನು ಕಬ್ಬಿಣದ ಗಣಿ ಎನ್ನುವಂತೆ ಹೊಗಳುತ್ತೇವೆ. ಒಂದು ತುಂಡು ಬೆಲ್ಲದಿಂದ ಸಿಗುವ ಕಬ್ಬಿಣ ತೀರ ಅಲ್ಪ.

ಮಾಂಸದ ಇನ್ನೊಂದು ಗುಣ ಬಹಳ ಜನರಿಗೆ ಗೊತ್ತಿಲ್ಲ. ರೊಟ್ಟಿ, ಬ್ಯಾಳಿಯ ಜೊತೆ ನಾಲ್ಕು ತುಣುಕು ಮಾಂಸ ತಿಂದರೂ ಆ ರೊಟ್ಟಿ ಬ್ಯಾಳಿಯಲ್ಲಿರುವ ಕಬ್ಬಿಣವೂ ಹೆಚ್ಚು ಹೀರಲ್ಪಡುತ್ತದೆ. ಆದ್ದರಿಂದ ಮನೆಯಲ್ಲಿ ಮಾಂಸ ಮಾಡಿದಾಗ ಗಂಡಸರ ತಾಟಿಗೆ ಮೊದಲು ಬಡಿಸಿ, ಸೊಸೆಗೆ, ಹುಡುಗಿಯರಿಗೆ ಬರೀ ಸಾರು ಉಳಿಯುವ ಪದ್ಧತಿಯ ಬಗ್ಗೆಯೂ ಮೀಟಿಂಗ್‌ನಲ್ಲಿ ಮಾತಾಡಿ. ಮುಟ್ಟು, ಬಸಿರು, ಬಾಣಂತನದಲ್ಲಿ ಕಬ್ಬಿಣ ಕಳೆದುಕೊಳ್ಳುವವಳು ಅವಳು.

ಎಚ್ಚರಿಕೆಯ ಮಾತುಗಳೂ ಇವೆ. ಆರೋಗ್ಯವಾಗಿದ್ದ ಪ್ರಾಣಿಯ ರಕ್ತವನ್ನು ಸ್ವಚ್ಛ ಪಾತ್ರೆಯಲ್ಲಿ ಹಿಡಿದು, ಅಂದೇ, ಒಳಗಿನ ತನಕ ಗಟ್ಟಿಯಾಗಿ ಬಣ್ಣ ಕಪ್ಪಗಾಗುವಷ್ಟು ಬೇಯಿಸಬೇಕು. ಹಸಿ ರಕ್ತ ಯಾರೂ ಕುಡಿಯಬಾರದು. ಸತ್ತುಬಿದ್ದ ಪ್ರಾಣಿಯದ್ದಂತೂ ಬೇಡವೇ ಬೇಡ. ಎರಡನೆಯದು, ಸಳೋಯಿ ಹಬ್ಬದ ಅಡುಗೆ. ತಿಂಗಳಿಗೊಮ್ಮೆ ತಿಂದದ್ದು 7ರ ಎಚ್‌ಬಿಯನ್ನು 11ಕ್ಕೆ ಏರಿಸುವುದಿಲ್ಲ, ಗುಳಿಗೆ ನುಂಗಲೇಬೇಕು. ಮೂರನೆಯದು ಹುಳು. ಕೊಕ್ಕೆಹುಳು ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಅಡವಿಯ ಅಂಚಿನಲ್ಲಿ, ಹೊಲದಲ್ಲಿ ಬರಿಗಾಲಲ್ಲಿ ತಿರುಗುವವರಿಗೆ ಚಪ್ಪಲಿಯೂ ಔಷಧವೇ. ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಗುಳಿಗೆ ಯಾವ ಮಗುವಿಗೂ ತಪ್ಪದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಮನೆತನ. ಸೊಸೆ ಐದು ತಿಂಗಳ ಬಸುರಿ. ಸರಕಾರದ ಕೆಂಪು ಗುಳಿಗೆಯಲ್ಲಿ ಪ್ರಾಣಿಯ ರಕ್ತ ಇರುತ್ತದೆಂದು ನೆರೆಮನೆಯವರು ಹೇಳಿದ ಮೇಲೆ ನುಂಗುವುದನ್ನು ಬಿಟ್ಟಿದ್ದಾಳೆ. ಎರಡಕ್ಕೆ ಹೋದರೆ ಕಪ್ಪಗಾಗುತ್ತದೆ, ಅದೇ ಸಾಕ್ಷಿ ಎನ್ನುತ್ತಾಳೆ. ನಿಜವೇ?
— ಅತ್ತೆ, ಸೇಡಂ

ಉತ್ತರ: ನಿಜವಲ್ಲ. ಇವತ್ತೇ ಮತ್ತೆ ಶುರು ಮಾಡಿಸಿ. ಆ ಗುಳಿಗೆಯ ಕಬ್ಬಿಣ ಫೆರಸ್ ಸಲ್ಫೇಟ್, ಅಂದರೆ ಖನಿಜ ಲವಣ. ಕೆಂಪು ಇರುವುದು ಮೇಲಿನ ಲೇಪಕ್ಕೆ. ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ ಮಲ ಕಪ್ಪಾಗುತ್ತದೆ, ಅದರಿಂದ ತೊಂದರೆಯಿಲ್ಲ. ಕೆಲವು ಖಾಸಗಿ ಕಂಪನಿಗಳ ಕ್ಯಾಪ್ಸೂಲ್‌ಗಳ ಹೊರಕವಚ ಮಾತ್ರ ಜಿಲೆಟಿನ್‌ನದು, ಅದು ಪ್ರಾಣಿಯ ಎಲುಬು, ಚರ್ಮದಿಂದ ಬರುತ್ತದೆ. ಬೇಡವೆಂದರೆ ಕ್ಯಾಪ್ಸೂಲ್ ಬದಲು ಗುಳಿಗೆ ಬರೆಯಿರಿ ಎಂದು ವೈದ್ಯರನ್ನು ಕೇಳಬಹುದು.

ಅದೇ ಗುಳಿಗೆಯಲ್ಲಿ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ. ಅದರ ಕಥೆಯನ್ನು ಸೊಸೆಗೆ ಹೇಳಿ. 1920ರ ದಶಕದಲ್ಲಿ ಅಮೆರಿಕದ ವೈದ್ಯರು ಒಂದು ಬಗೆಯ ಮಾರಕ ರಕ್ತಹೀನತೆಗೆ ದಿನಕ್ಕೆ ಕಾಲು ಕೆಜಿಯಷ್ಟು ಕಲೇಜಿ ತಿನ್ನಿಸಿ ರೋಗಿಗಳನ್ನು ಉಳಿಸಿದರು. ಅದಕ್ಕೆ 1934ರಲ್ಲಿ ವಿಪ್ಪಲ್, ಮೈನಾಟ್, ಮರ್ಫಿ ಈ ಮೂವರಿಗೆ ನೊಬೆಲ್ ಬಂತು. ಅಲ್ಲಿ ಗುಣ ಮಾಡಿದ್ದು ಕಬ್ಬಿಣವಲ್ಲ, ಬಿ12 ಎಂಬುದು 1948ರಲ್ಲಷ್ಟೇ ತಿಳಿಯಿತು. ಆ ಕಲೇಜಿ ಚಿಕಿತ್ಸೆಯ ಕಾಲದಲ್ಲೇ ಮುಂಬಯಿಗೆ ಬಂದಿದ್ದ ಲೂಸಿ ವಿಲ್ಸ್ ಎಂಬ ವೈದ್ಯೆ ಬಡ ಬಸುರಿಯರ ರಕ್ತಹೀನತೆಯನ್ನು ಯೀಸ್ಟ್‌ನ ಸಾರದಿಂದ ಗುಣಪಡಿಸಬಹುದೆಂದು 1931ರಲ್ಲಿ ಪ್ರಕಟಿಸಿದರು. ಯೀಸ್ಟ್‌ನಲ್ಲೂ ಕಲೇಜಿಯಲ್ಲೂ ಇದ್ದ ಆ ವಸ್ತುವೇ ಫೋಲಿಕ್ ಆಮ್ಲ. ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಮುಂದಾಳಾಗಿದ್ದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ 1945ರ ಹೊತ್ತಿಗೆ ಅದನ್ನು ಕೃತಕವಾಗಿ ತಯಾರಿಸಿದರು. ಈಗ ಯಾವ ಕಲೇಜಿಯೂ ಬೇಕಿಲ್ಲ.

ದಿನಕ್ಕೊಂದರಂತೆ ಬಸಿರಲ್ಲಿ 180, ಹೆರಿಗೆಯ ನಂತರ 180 ಗುಳಿಗೆ. ಹೊಟ್ಟೆ ತೊಳೆಸಿದರೆ ರಾತ್ರಿ ಊಟದ ಮೇಲೆ ನುಂಗಲಿ. ಚಹಾ ಮತ್ತು ಕ್ಯಾಲ್ಸಿಯಂ ಗುಳಿಗೆಯಿಂದ ಎರಡು ತಾಸು ದೂರವಿರಲಿ. ಊಟಕ್ಕೆ ಪುಂಡಿ ಪಲ್ಯ, ಸಜ್ಜೆ ರೊಟ್ಟಿ, ತೊಗರಿ ಬ್ಯಾಳಿ ಇರಲಿ, ಮೇಲೆ ನಿಂಬೆಹಣ್ಣು ಹಿಂಡಿರಿ. ನಿಂಬೆಯ ಸಿ ಜೀವಸತ್ವ ಕಾಳು ಸೊಪ್ಪಿನ ಕಬ್ಬಿಣವನ್ನು ಕರುಳು ಹೀರುವಂತೆ ಮಾಡುತ್ತದೆ.

ಪ್ರಶ್ನೆ: ನಾನು ಸಿಮೆಂಟ್ ಕಾರ್ಖಾನೆ ಕಾರ್ಮಿಕ, ವಯಸ್ಸು 46. ಎಚ್‌ಬಿ 9.2. ಅಮೆರಿಕದಲ್ಲಿರುವ ಅಳಿಯ ‘ಹೀಮ್ ಐರನ್’ ಗುಳಿಗೆಯ ಡಬ್ಬಿ ಕಳಿಸಿದ್ದಾನೆ. ಸಾದಾ ಗುಳಿಗೆಗಿಂತ ಒಳ್ಳೆಯದೇ?
— ವಾಡಿ

ಉತ್ತರ: ಡಬ್ಬಿಯನ್ನು ಸದ್ಯ ಬದಿಗಿಡಿ. ಗಂಡಸಿಗೆ 13ರ ಮೇಲಿರಬೇಕಾದದ್ದು 9.2ಕ್ಕೆ ಇಳಿದಿದ್ದರೆ ಮೊದಲ ಪ್ರಶ್ನೆ ಯಾವ ಗುಳಿಗೆ ಎಂಬುದಲ್ಲ, ರಕ್ತ ಎಲ್ಲಿ ಹೋಗುತ್ತಿದೆ ಎಂಬುದು. ಮೂಲವ್ಯಾಧಿ ಇದೆಯೇ? ಕೀಲುನೋವಿಗೆ ಮೆಡಿಕಲ್‌ನಿಂದ ನೋವಿನ ಗುಳಿಗೆ ತಂದು ದಿನಾ ನುಂಗುತ್ತೀರಾ? ಅದು ಹೊಟ್ಟೆಯೊಳಗೆ ಹುಣ್ಣು ಮಾಡಿ ಕಾಣದಂತೆ ರಕ್ತ ಸೋರಿಸುತ್ತದೆ. ನಿಮ್ಮ ವಯಸ್ಸಿನಲ್ಲಿ ಕರುಳಿನ ಗಡ್ಡೆಯೂ ಮೊದಲ ಸಲ ಹೀಗೆಯೇ ತೋರಿಕೊಳ್ಳಬಹುದು. ಕಬ್ಬಿಣ ನುಂಗಿ ಎಚ್‌ಬಿ ಏರಿಸಿಕೊಂಡರೆ ಆ ಸುಳಿವೇ ಮುಚ್ಚಿಹೋಗುತ್ತದೆ. ಕಬ್ಬಿಣ ಶುರು ಮಾಡುವ ಮೊದಲೇ ಮಲ ಪರೀಕ್ಷೆ ಮಾಡಿಸಿ, ಬೇಕಾದರೆ ಕಲಬುರಗಿಗೆ ಹೋಗಿ ಎಂಡೋಸ್ಕೋಪಿಯನ್ನೂ ಮಾಡಿಸಿ.

ಇನ್ನು ಆ ಗುಳಿಗೆ. ದನದ, ಕೆಲವೆಡೆ ಹಂದಿಯ ರಕ್ತದಿಂದ ಕೆಂಪು ಕಣಗಳನ್ನು ಬೇರ್ಪಡಿಸಿ, ಒಡೆದು, ಒಳಗಿನ ಹಿಮೋಗ್ಲೋಬಿನ್ನನ್ನು ಕಿಣ್ವದಿಂದ ಸಣ್ಣದಾಗಿ ತುಂಡರಿಸಿ, ಒಣಗಿಸಿ ಮಾಡುತ್ತಾರೆ. ಒಂದರಲ್ಲಿ ಸಾಮಾನ್ಯವಾಗಿ 11–12 ಮಿಲಿಗ್ರಾಂ ಕಬ್ಬಿಣ. ಹೊಟ್ಟೆಗೆ ಕಿರಿಕಿರಿ ಕಡಿಮೆ ಎಂಬುದು ಅದರ ಅನುಕೂಲ. ಆದರೆ ಬೆಲೆ ಬಹಳ, ಮತ್ತು ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಗುಳಿಗೆ ಮಾಡುವ ಕೆಲಸವನ್ನು ಅದು ನಿಮ್ಮಂಥವರಿಗೆ ಹೆಚ್ಚು ಚೆನ್ನಾಗಿ ಮಾಡುವುದಿಲ್ಲ. ಮನೆಯ ಆಚಾರಕ್ಕೆ ಒಗ್ಗುತ್ತದೋ ಇಲ್ಲವೋ, ಡಬ್ಬಿ ಓದಿ ನೀವೇ ನಿರ್ಧರಿಸಿ.

ಪ್ರಶ್ನೆ: ಮೂರು ವರ್ಷದ ಮಗನಿಗೆ ರಕ್ತ ಕಮ್ಮಿ ಅಂದಾರ. ದಿನಾ ಪಾಯಾ ಸೂಪು, ತತ್ತಿ ಕೊಡ್ಲತ್ತೀನಿ. ಸಾಕಾಗ್ತದೇನ್ರಿ?
— ಚಿತ್ತಾಪುರ

ಉತ್ತರ: ಸಾಲದು. ಎಲುಬಿನ ಸೂಪಿನಲ್ಲಿ ಕಬ್ಬಿಣ ಹೆಚ್ಚು ಇಳಿಯುವುದಿಲ್ಲ. ತತ್ತಿಯಲ್ಲಿ ಸುಮಾರು 1 ಮಿಲಿಗ್ರಾಂ ಇದ್ದರೂ ಅದರೊಳಗಿನ ಒಂದು ಪ್ರೋಟೀನು ಅದನ್ನು ಬಿಗಿಹಿಡಿಯುತ್ತದೆ. ಬೆಳೆಯುವ ಮಗುವಿಗೆ ತತ್ತಿ ಬಹಳ ಒಳ್ಳೆಯದು. 2021ರ ಡಿಸೆಂಬರ್‌ನಿಂದ ನಮ್ಮ ಭಾಗದ ಶಾಲೆಗಳಲ್ಲಿ ತತ್ತಿ ಕೊಡಲು ಶುರು ಮಾಡಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದನ್ನು ಕಬ್ಬಿಣಕ್ಕಾಗಿ ನೆಚ್ಚಬೇಡಿ. ವಾರಕ್ಕೊಮ್ಮೆ ಕೋಳಿಯ ಕಲೇಜಿಯ ಒಂದು ಸಣ್ಣ ತುಂಡನ್ನು ಚೆನ್ನಾಗಿ ಬೇಯಿಸಿ ಅನ್ನದಲ್ಲಿ ಕಿವುಚಿ ಕೊಡಿ. ಅದಕ್ಕಿಂತ ಹೆಚ್ಚು ಬೇಡ, ಕಲೇಜಿಯಲ್ಲಿ ಎ ಜೀವಸತ್ವ ವಿಪರೀತ ಇರುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಆಕೆಗೆ ಕಲೇಜಿ ಬೇಡ. ಹಾಲು ಹೆಚ್ಚು ಕುಡಿಸಿ ಊಟ ತಪ್ಪಿಸಬೇಡಿ.

ಅಂಗನವಾಡಿಯ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ 1 ಮಿಲಿಲೀಟರ್, ಅದು ರಕ್ತ ಕಮ್ಮಿ ಆಗದಂತೆ ತಡೆಯುವ ಪ್ರಮಾಣ. ಈಗಾಗಲೇ ಕಮ್ಮಿ ಇರುವುದರಿಂದ ತೂಕ ನೋಡಿ ದಿನದ ಡೋಸು ಎಷ್ಟೆಂದು ವೈದ್ಯರೇ ಹೇಳಬೇಕು. ದೊಡ್ಡವರ ಕೆಂಪು ಗುಳಿಗೆಗಳನ್ನು ಮಾತ್ರ ಈ ಹುಡುಗನ ಕೈಗೆ ಎಟುಕದಂತೆ ಎತ್ತರದಲ್ಲಿಡಿ. ಮಿಠಾಯಿ ಎಂದು ಹಲವನ್ನು ತಿಂದರೆ ಪ್ರಾಣಕ್ಕೇ ಅಪಾಯ. ಹಾಗೇನಾದರೂ ಆದರೆ ವಾಂತಿ ಆಗಲಿ ಎಂದು ಕಾಯದೆ, ಉಳಿದ ಗುಳಿಗೆಯ ಚೀಟಿಯನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ.